ಬೂಟ್‌ಲೋಡರನ್ನು ಬರೆಯಹೊರಟವರಿಗೆ

ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಯೊಂದರಲ್ಲಿ ಕರ್ನೆಲ್ಲು, ಕಡತವ್ಯವಸ್ಥೆ, ಸಾಧನಗಳ ಚಾಲಕಗಳು, ಜಾಲದ ವ್ಯವಹಾರ ಎಂದು ಅಂಗಗಳು ಎಷ್ಟೋ ಇರುವುವಾದರೂ, ಹನುಮಸಾಗರದಂಥ ಊರಿನ ವಿದ್ಯಾರ್ಥಿಯೊಬ್ಬನು ಹಳೆಯದೊಂದು ಗಣಕಯಂತ್ರವನ್ನು ಮುಂದಿಟ್ಟುಕೊಂಡು, ಮೊದಲ ಬೈಟಿನಿಂದ ಕಡೆಯ ಬೈಟಿನವರೆಗೆ ತಾನೇ ಬರೆದು, ಬರೆದ ಪ್ರತಿಯೊಂದು ಬೈಟಿಗೂ ಕಾರಣವನ್ನು ಹೇಳಬಲ್ಲ ಅಂಗ ಯಾವುದೆಂದು ಕೇಳಿದರೆ, ಬೂಟ್‌ಲೋಡರೆಂದೇ ಉತ್ತರ ಕೊಡಬೇಕಾಗುತ್ತದೆ. ವಿದ್ಯುತ್ತು ಹರಿದು ಯಂತ್ರವು ಎಚ್ಚತ್ತ ಮೇಲೆ, ಡಿಸ್ಕಿನಲ್ಲಿಯೋ ಫ್ಲ್ಯಾಷ್ ಸ್ಮೃತಿಯಲ್ಲಿಯೋ ಇರುವ ಕರ್ನೆಲ್ಲನ್ನು ಹುಡುಕಿ, ಸ್ಮೃತಿಯ ತಕ್ಕ ಸ್ಥಾನಕ್ಕೆ ತಂದಿರಿಸಿ, ಯಂತ್ರದ ಸ್ಥಿತಿಗತಿಯ ವರದಿಯನ್ನು ಅದಕ್ಕೆ ಒಪ್ಪಿಸಿ, ಅಧಿಕಾರವನ್ನು ಬಿಟ್ಟುಕೊಟ್ಟು ತಾನು ನಿವೃತ್ತವಾಗುವುದು ಅದರ ಧರ್ಮ. ಇದನ್ನು ಬರೆಯುವುದಕ್ಕೆ ದುಬಾರಿಯ ಯಂತ್ರವಾಗಲಿ ಎಡೆಬಿಡದ ಅಂತರ್ಜಾಲವಾಗಲಿ ಬೇಡ. ನ್ಯಾಸಂ ಎಂಬ ಅಸೆಂಬ್ಲರು, ಜಿಸಿಸಿ ಕಂಪೈಲರು, ಜಿಡಿಬಿ ಎಂಬ ದೋಷಶೋಧಕ, ಯಂತ್ರವೊಂದನ್ನು ಯಂತ್ರದೊಳಗೇ ಅನುಕರಿಸಿ ತೋರಿಸುವಂತೆ ಫಬ್ರೀಸ್ ಬೆಲ್ಲಾರ್ ಎಂಬ ಫ್ರೆಂಚ್ ವಿದ್ವಾಂಸ 2003ರಲ್ಲಿ ಹೊರತಂದ ಕ್ಯೂಇಎಂಯು, ಈ ನಾಲ್ಕು ಸಾಕು. ಇವೆಲ್ಲವೂ ಮುಕ್ತ ತಂತ್ರಾಂಶಗಳೇ ಆಗಿದ್ದು, ಕುಷ್ಟಗಿಯಲ್ಲಿಯೋ ಇಳಕಲ್ಲಿನಲ್ಲಿಯೋ ಸಂಪರ್ಕ ಚೆನ್ನಾಗಿರುವೆಡೆ ಒಮ್ಮೆ ಇಳಿಸಿಕೊಂಡು ಬಂದರೆ, ಮುಂದಿನ ಕೆಲಸವೆಲ್ಲ ಮನೆಯಲ್ಲಿಯೇ ನಡೆಯುವುದು.

ಆದರೆ ಎಲ್ಲಿಂದ ಆರಂಭಿಸಬೇಕೆಂಬಲ್ಲಿಯೇ ಹೊಸಬರಲ್ಲಿ ಬಹುಮಂದಿ ದಾರಿ ತಪ್ಪುತ್ತಾರೆ. ಪರದೆಯ ಮೇಲೆ ಒಂದು ಅಕ್ಷರವನ್ನು ಮೂಡಿಸಿ ಹಿಗ್ಗಿ, ಅಲ್ಲಿಂದ ಪ್ರೊಸೆಸರಿನ ಒಂದೊಂದೇ ಸ್ಥಿತಿಯನ್ನು ಬದಲಿಸುತ್ತ ಮುಂದುವರಿದು, ಕರ್ನೆಲ್ಲನ್ನು ಸ್ಮೃತಿಗೆ ತರುವ ಹೊತ್ತಿಗೆ, ತಾವು ಆರಿಸಿಕೊಂಡ ಸ್ಥಾನಗಳಲ್ಲಿ ಒಂದೂ ಆ ಕರ್ನೆಲ್ಲಿಗೆ ಒಪ್ಪದೆಂಬುದನ್ನು ಕಂಡು ಧೃತಿಗೆಡುವರು. ಕಡೆಯಿಂದ ಮೊದಲಿಗೆ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮಗೆ ಹತ್ತಿರದ ಇಳಕಲ್ಲಿನ ಮಗ್ಗಗಳಲ್ಲಿ ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿನೊಡನೆ ಎಳೆಗೆ ಎಳೆ ಕೊಂಡಿಹಾಕಿ ಕೂಡಿಸುವರಷ್ಟೆ; ಸೆರಗಿನ ಎಳೆಗಳ ಲೆಕ್ಕವನ್ನರಿಯದೆ ಒಡಲಿನ ಹಾಸನ್ನು ಹೂಡಿದವನಿಗೆ ಕೊಂಡಿ ಕೂಡಿಬರುವುದೆಂತು? ಬೂಟ್‌ಲೋಡರೆಂಬುದು ಯಂತ್ರದ ಒಡಲಿಗೂ ಕರ್ನೆಲ್ಲಿನ ಸೆರಗಿಗೂ ನಡುವಣ ಅಂಥ ಕೊಂಡಿ. ಕರ್ನೆಲ್ಲು ತನ್ನ ಮೊದಲ ಆದೇಶವನ್ನು ನಡೆಸುವ ಕ್ಷಣದಲ್ಲಿ ಪ್ರೊಸೆಸರಿನ ಯಾವ ರಿಜಿಸ್ಟರಿನಲ್ಲಿ ಏನಿರಬೇಕು, ಸ್ಮೃತಿಯ ಯಾವ ಭಾಗ ತೆರವಾಗಿರಬೇಕು, ಯಾವ ವರದಿ ಎಲ್ಲಿ ದೊರೆಯಬೇಕು ಎಂಬ ಒಪ್ಪಂದವನ್ನು ಮೊದಲು ಓದಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡು, ಆಮೇಲೆ ಹಿಂದಕ್ಕೆ ಹಿಂದಕ್ಕೆ ನಡೆದು ಮೊದಲ ಬೈಟನ್ನು ತಲಪತಕ್ಕದ್ದು. ಮುಕ್ತ ವ್ಯವಸ್ಥೆಯ ಮಹೋಪಕಾರವಾದರೂ ಇದೇ: ಒಪ್ಪಂದ ಪ್ರಕಟವಾಗಿರುತ್ತದೆ, ಸಂಶಯ ಬಂದರೆ ಅದನ್ನು ಸ್ವೀಕರಿಸುವ ಕಡೆಯ ಮೂಲಸಂಕೇತವನ್ನೇ ತೆರೆದು ನೋಡಬಹುದು.

ನಮ್ಮ ನಾಡಿನಲ್ಲಿಯೇ ಇಂಥ ಕೆಲಸದ ಅಗತ್ಯ ಪ್ರತ್ಯಕ್ಷವಾದ ಸಂದರ್ಭವೊಂದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆಯವರೂ ಕೂಡಿ ರೂಪಿಸಿದ ಸಿಂಪ್ಯೂಟರು, 2001ರಲ್ಲಿ ಮಾದರಿಯಾಗಿ ಲೋಕಕ್ಕೆ ತೋರಿ, 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಪಿಕೋಪೇಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳ ಮೂಲಕ ಮಾರುಕಟ್ಟೆಗೆ ಬಂದಿತು. ಗ್ರಾಮಾಂತರದ ಜನ ಸ್ಮಾರ್ಟ್ ಕಾರ್ಡಿನ ನೆರವಿನಿಂದ ಹಂಚಿಕೊಂಡು ಬಳಸಬಹುದಾದ ಆ ಅಂಗೈಯಗಲದ ಯಂತ್ರದೊಳಗೆ ನಡೆದುದು ಲಿನಕ್ಸು. ಯಂತ್ರಾಂಶದ ವಿನ್ಯಾಸವನ್ನೂ ಸಾರ್ವಜನಿಕ ಪರವಾನಗಿಯೊಂದರಡಿ ತೆರೆದಿಟ್ಟಿದ್ದರು. ಅದರ ಪ್ರೊಸೆಸರು ಸ್ಟ್ರಾಂಗ್‌ಆರ್ಮ್ ಜಾತಿಯದು. ಮೇಜಿನ ಮೇಲಣ ಪಿಸಿಗಳಲ್ಲಿರುವ ಬಯಾಸ್ ಎಂಬ ಸಿದ್ಧಸಹಾಯಕ ಅಂಥ ಪ್ರೊಸೆಸರುಗಳಿಗಿಲ್ಲ. ಎಚ್ಚತ್ತ ಕೂಡಲೆ ಅದು ಶೂನ್ಯ ವಿಳಾಸದಲ್ಲಿರುವ ಫ್ಲ್ಯಾಷ್ ಸ್ಮೃತಿಯಿಂದ ನೇರವಾಗಿ ಮೊದಲ ಆದೇಶವನ್ನು ಎತ್ತಿಕೊಳ್ಳುವುದು. ಆಗಿನ್ನೂ ಡಿರ‍್ಯಾಮ್ ಎಂಬ ಮುಖ್ಯಸ್ಮೃತಿಯೇ ಸಿದ್ಧವಾಗಿರದು. ಅದರ ನಿಯಂತ್ರಕದ ಕಾಲಮಾನಗಳನ್ನು ಬೂಟ್‌ಲೋಡರೇ ಬರೆದು ಜೀವಕೊಡುವವರೆಗೆ, ಒಂದು ತಾತ್ಕಾಲಿಕ ಅಂಕಿಯನ್ನಿಡುವುದಕ್ಕೂ ರಿಜಿಸ್ಟರುಗಳ ಹೊರತು ಬೇರೆ ಜಾಗವಿಲ್ಲ. ಅನಂತರ ಕರ್ನೆಲ್ಲನ್ನು ಮುಖ್ಯಸ್ಮೃತಿಗೆ ಇಳಿಸಿ, ಮೊದಲ ರಿಜಿಸ್ಟರಿನಲ್ಲಿ ಶೂನ್ಯವನ್ನೂ, ಎರಡನೆಯದರಲ್ಲಿ ಯಂತ್ರದ ನೋಂದಾಯಿತ ಸಂಖ್ಯೆಯನ್ನೂ, ಮೂರನೆಯದರಲ್ಲಿ ಸ್ಮೃತಿಯ ಪರಿಮಾಣ ಮೊದಲಾದವನ್ನು ತಿಳಿಸುವ ಪಟ್ಟಿಯ ವಿಳಾಸವನ್ನೂ ಇಟ್ಟು ನೆಗೆಯಬೇಕೆಂಬುದು ಆ ಕಾಲದ ಆರ್ಮ್ ಲಿನಕ್ಸಿನ ಒಪ್ಪಂದವಾಗಿತ್ತು. ಮೂರು ರಿಜಿಸ್ಟರುಗಳ ಈ ಮಾತನ್ನು ತಪ್ಪದೆ ನಡೆಸಿದವನಿಗೆ ಲಿನಕ್ಸು ಮೂಡಿಬರುವುದು. ಒಂದರಲ್ಲಿ ತಪ್ಪಿದವನಿಗೆ ಪರದೆ ಕತ್ತಲಾಗಿಯೇ ಉಳಿಯುವುದು.

ಇನ್ನು ನಮ್ಮ ಓದುಗರ ಕೈಯಲ್ಲಿರಬಹುದಾದ ಸಾಮಾನ್ಯ ಪಿಸಿಯ ಮಾತಿಗೆ ಬರೋಣ. ಕೈಪಿಡಿಗಳು ವಿಳಾಸಗಳನ್ನು ಹದಿನಾರರ ಪಾದದಲ್ಲಿ ಬರೆಯುತ್ತವೆ. ಇಲ್ಲಿ ಅವನ್ನು ದಶಮಾನದಲ್ಲಿಯೇ ಕೊಟ್ಟಿದ್ದೇನೆ. ಬಯಾಸು ತನ್ನ ತಪಾಸಣೆಗಳನ್ನು ಮುಗಿಸಿ, ಡಿಸ್ಕಿನ ಮೊದಲನೆಯ ಸೆಕ್ಟರಿನ 512 ಬೈಟುಗಳನ್ನು ಸ್ಮೃತಿಯ 31,744ನೆಯ ವಿಳಾಸಕ್ಕೆ ತಂದಿರಿಸಿ, ಕಡೆಯ ಎರಡು ಬೈಟುಗಳು 85 ಮತ್ತು 170 ಆಗಿದ್ದರೆ ಅಲ್ಲಿಗೆ ನೆಗೆಯುವುದು. ಈ 31,744 ಆಕಸ್ಮಿಕವಾದ ಸಂಖ್ಯೆಯಲ್ಲ. 1981ರ ಐಬಿಎಂ ಪಿಸಿಯನ್ನು ರೂಪಿಸಿದವರು ಕನಿಷ್ಠ 32 ಕಿಲೋಬೈಟು, ಎಂದರೆ 32,768 ಬೈಟು, ಸ್ಮೃತಿಯನ್ನು ಲೆಕ್ಕಕ್ಕೆ ಹಿಡಿದು, ಕಾರ್ಯಾಚರಣ ವ್ಯವಸ್ಥೆಗೆ ಆದಷ್ಟು ವಿಶಾಲವಾದ ಜಾಗ ಕೆಳಗೆ ಉಳಿಯಲೆಂದು, ತುದಿಯ 1,024 ಬೈಟುಗಳನ್ನು ಮಾತ್ರ ಬೂಟ್ ಸೆಕ್ಟರಿಗೂ ಅದರ ಸ್ವಂತ ಉಪಯೋಗಕ್ಕೂ ಬಿಟ್ಟಿದ್ದರು. ಹಾರ್ಡ್ ಡಿಸ್ಕಿನ ಹಳೆಯ ಕ್ರಮದಲ್ಲಿ ಈ 512ರಲ್ಲಿಯೂ 64 ಬೈಟು ನಾಲ್ಕು ವಿಭಾಗಗಳ ಪಟ್ಟಿಗೆ ಹೋಗಿ, ಎರಡು ಬೈಟು ಮುದ್ರೆಗೆ ಸಂದು, ನಮ್ಮ ಸಂಕೇತಕ್ಕೆ ಉಳಿಯುವುದು 446. ಆದಕಾರಣ ಮೊದಲ ಸೆಕ್ಟರಿನಿಂದ ದೊಡ್ಡ ಕೆಲಸವನ್ನೇನೂ ಅಪೇಕ್ಷಿಸಲಾಗದು. ಎರಡನೆಯ ಹಂತವನ್ನು ಡಿಸ್ಕಿನಿಂದ ತರುವುದೊಂದೇ ಅದರ ಕರ್ತವ್ಯವಾಗಿರಲಿ.

ಆ 446 ಬೈಟುಗಳ ಆರಂಭವನ್ನು ಸ್ವಲ್ಪ ಹತ್ತಿರದಿಂದ ನೋಡತಕ್ಕದ್ದು. ಕೆಲವು ಬಯಾಸುಗಳು ಸೆಗ್ಮೆಂಟ್ ಶೂನ್ಯ, ಆಫ್‌ಸೆಟ್ 31,744 ಎಂದು ನೆಗೆದರೆ, ಕೆಲವು ಸೆಗ್ಮೆಂಟ್ 1,984, ಆಫ್‌ಸೆಟ್ ಶೂನ್ಯ ಎಂದು ನೆಗೆಯುವುವು. ಸೆಗ್ಮೆಂಟನ್ನು 16ರಿಂದ ಗುಣಿಸಿ ಕೂಡಿದರೆ ಎರಡೂ ಒಂದೇ ಸ್ಥಳವಾದರೂ, ಇದನ್ನು ಗಮನಿಸದೆ ಬರೆದ ಸಂಕೇತ ಒಂದು ಯಂತ್ರದಲ್ಲಿ ನಡೆದು ಇನ್ನೊಂದರಲ್ಲಿ ಮುಗ್ಗರಿಸುವುದು. ಅದಕ್ಕಾಗಿ ಮೊದಲಿಗೆ ಅಡಚಣೆಗಳನ್ನು, ಎಂದರೆ ಇಂಟರಪ್ಟುಗಳನ್ನು, ತಡೆದು, ದೂರನೆಗೆತದ ಒಂದು ಆದೇಶದಿಂದ ಸಂಕೇತದ ಸೆಗ್ಮೆಂಟನ್ನು ಶೂನ್ಯಕ್ಕೆ ತಂದು, ದತ್ತ ಮತ್ತು ಸ್ಟ್ಯಾಕುಗಳ ಸೆಗ್ಮೆಂಟುಗಳನ್ನೂ ಶೂನ್ಯಗೊಳಿಸಿ, ಸ್ಟ್ಯಾಕಿನ ತುದಿಯನ್ನು 31,744ಕ್ಕೆ ನಿಲ್ಲಿಸಿ, ಆಮೇಲೆ ಇಂಟರಪ್ಟುಗಳನ್ನು ತೆರೆಯಬೇಕು. ಸ್ಟ್ಯಾಕು ಕೆಳಮುಖವಾಗಿ ಬೆಳೆಯುವುದರಿಂದ ನಮ್ಮ ಸಂಕೇತಕ್ಕೆ ಅದರಿಂದ ಬಾಧೆಯಿಲ್ಲ. ಬಯಾಸು ಡಿಎಲ್ ರಿಜಿಸ್ಟರಿನಲ್ಲಿ ಬೂಟಾದ ಡಿಸ್ಕಿನ ಸಂಖ್ಯೆಯನ್ನು ಇಟ್ಟಿರುತ್ತದೆ. ಮೊದಲನೆಯ ಹಾರ್ಡ್ ಡಿಸ್ಕಾದರೆ ಅದು 128. ಇದನ್ನು ಬೇರೊಂದೆಡೆ ಕಾಪಿಟ್ಟುಕೊಳ್ಳುವುದನ್ನು ಮರೆಯಬಾರದು. ಪೆನ್ ಡ್ರೈವಿನಿಂದ ಬೂಟು ಮಾಡುವವರು ಮತ್ತೊಂದನ್ನೂ ನೆನಪಿನಲ್ಲಿಡಬೇಕು: ಕೆಲವು ಬಯಾಸುಗಳು ಅದನ್ನು ಫ್ಲಾಪಿಯೆಂದು ಭಾವಿಸಿ, ಸೆಕ್ಟರಿನ ಮೊದಲ ಮೂರು ಬೈಟುಗಳನ್ನು ಬಿಟ್ಟು ಮುಂದಿನ ಭಾಗದಲ್ಲಿ ಡಿಸ್ಕಿನ ವಿವರಗಳನ್ನು ತಾವೇ ಬರೆದುಬಿಡುತ್ತವೆ. ಆದ್ದರಿಂದ ಆರಂಭದಲ್ಲಿ ಸಣ್ಣದೊಂದು ನೆಗೆತವನ್ನಿಟ್ಟು, 62ನೆಯ ಬೈಟಿನವರೆಗೆ ಜಾಗವನ್ನು ಖಾಲಿ ಬಿಡುವುದು ವಿವೇಕ.

ಡಿಸ್ಕನ್ನು ಓದಲು ಬಯಾಸಿನ 19ನೆಯ ಇಂಟರಪ್ಟಿನ ವಿಸ್ತೃತ ಸೇವೆಯನ್ನು ಬಳಸಿರಿ. ಸಿಲಿಂಡರು, ಹೆಡ್ಡುಗಳ ಹಳೆಯ ಲೆಕ್ಕದ ಗೊಡವೆ ಬೇಡ. ಎಷ್ಟು ಸೆಕ್ಟರು, ಎಲ್ಲಿಗೆ, ಎಲ್ಲಿಂದ ಎಂಬುದನ್ನು 16 ಬೈಟಿನ ಒಂದು ಪೊಟ್ಟಣದಲ್ಲಿ ತುಂಬಿ ಒಪ್ಪಿಸಿದರೆ ಸಾಕು. ಒಂದೇ ಸಲಕ್ಕೆ 127 ಸೆಕ್ಟರಿಗಿಂತ ಹೆಚ್ಚು ಕೇಳದಿರುವುದು ಕ್ಷೇಮ. ಓದಿದ ಮೇಲೆ ಕ್ಯಾರಿ ಫ್ಲ್ಯಾಗನ್ನು ಪರೀಕ್ಷಿಸಿ, ದೋಷವಿದ್ದರೆ ಪರದೆಯ ಮೇಲೆ ಒಂದು ಅಕ್ಷರವನ್ನಾದರೂ ಮೂಡಿಸಿ ನಿಲ್ಲಬೇಕು. ಮೌನವಾಗಿ ಮುಂದುವರಿಯುವ ಬೂಟ್‌ಲೋಡರಿಗಿಂತ ಕಾರಣವನ್ನು ಹೇಳಿ ನಿಲ್ಲುವ ಬೂಟ್‌ಲೋಡರು ಮೇಲು.

ಎರಡನೆಯ ಹಂತದಲ್ಲಿ ಜಾಗದ ದಾರಿದ್ರ್ಯವಿಲ್ಲ. ಇಲ್ಲಿ ಮಾಡತಕ್ಕ ಕೆಲಸಗಳಲ್ಲಿ ಸ್ಮೃತಿಯ ನಕ್ಷೆಯನ್ನು ಪಡೆಯುವುದು ಮೊದಲನೆಯದು. ಬಯಾಸಿನ 21ನೆಯ ಇಂಟರಪ್ಟಿನ ಇ820 ಎಂಬ ಸೇವೆ, ಒಂದು ಸಲಕ್ಕೆ ಒಂದು ನಮೂದಿನಂತೆ, ಸ್ಮೃತಿಯ ಯಾವ ಭಾಗ ಬಳಕೆಗೆ ಯೋಗ್ಯ, ಯಾವುದು ಕಾದಿರಿಸಿದ್ದು ಎಂಬುದನ್ನು ತಿಳಿಸುವುದು. ನಮೂದುಗಳು ಕ್ರಮವಾಗಿಯೇ ಬರಬೇಕೆಂಬ ನಿಯಮವಿಲ್ಲ. ಒಂದರ ಮೇಲೊಂದು ಹಾಯ್ದಿರುವುದೂ ಉಂಟು. ಬೂಟ್‌ಲೋಡರು ಅವನ್ನು ತನ್ನ ಊಹೆಯಿಂದ ತಿದ್ದದೆ, ಕಂಡದ್ದನ್ನು ಕಂಡಂತೆ ಕರ್ನೆಲ್ಲಿಗೆ ಒಪ್ಪಿಸಬೇಕು. ಅನಂತರ ಎ20 ಎಂಬ ವಿಳಾಸರೇಖೆಯನ್ನು ತೆರೆಯಬೇಕು. 1984ರ ಪಿಸಿ ಎಟಿಯಲ್ಲಿ ಹಳೆಯ ಪ್ರೋಗ್ರಾಮುಗಳಿಗೆ ತೊಂದರೆಯಾಗದಿರಲೆಂದು ಮುಚ್ಚಿಟ್ಟ ಈ ರೇಖೆ ಮುಚ್ಚಿದ್ದರೆ, ಒಂದು ಮೆಗಾಬೈಟಿನ ಆಚೆ ಬರೆದದ್ದು ಮತ್ತೆ ಸ್ಮೃತಿಯ ಬುಡಕ್ಕೇ ಬಂದು ಬೀಳುವುದು. ಆಮೇಲೆ ಜಿಡಿಟಿ ಎಂಬ ಸೆಗ್ಮೆಂಟುಗಳ ಕೋಷ್ಟಕವನ್ನು ನೀಡಿ, ಸಿಆರ್0 ರಿಜಿಸ್ಟರಿನ ಮೊದಲ ಬಿಟ್ಟನ್ನು ಏರಿಸಿ, ತತ್‌ಕ್ಷಣ ದೂರನೆಗೆತ ಮಾಡಿದರೆ ಪ್ರೊಸೆಸರು ರಕ್ಷಿತ ಸ್ಥಿತಿಯನ್ನು ಹೊಂದಿ, 32 ಬಿಟ್ಟಿನ ಲೋಕ ತೆರೆಯುವುದು. ಆದರೆ ಅಲ್ಲಿ ಬಯಾಸಿನ ಸೇವೆಗಳು ದೊರೆಯವು. ಇತ್ತ ಬಯಾಸಿರುವ ಸ್ಥಿತಿಯಲ್ಲಿ ಒಂದು ಮೆಗಾಬೈಟಿನ ಮೇಲಣ ಸ್ಮೃತಿ ನಿಲುಕದು. ಹೀಗಾಗಿ ಕರ್ನೆಲ್ಲನ್ನು ತುಂಡುತುಂಡಾಗಿ ಕೆಳಗಿನ ಸ್ಮೃತಿಗೆ ಓದಿ, ಸ್ಥಿತಿಯನ್ನು ಬದಲಿಸಿ ಮೇಲಕ್ಕೆ ಸಾಗಿಸಿ, ಮರಳಿ ಬಂದು ಮುಂದಿನ ತುಂಡನ್ನು ಓದುವ ಈ ಹೋಗಿಬರುವಿಕೆಯೇ ಪಿಸಿಯ ಬೂಟ್‌ಲೋಡರಿನಲ್ಲಿ ಅತ್ಯಂತ ಶ್ರಮದ ಭಾಗವೆನ್ನಬಹುದು.

ಈಗ ಗೋಡೆಗೆ ಅಂಟಿಸಿದ ಒಪ್ಪಂದದ ಹಾಳೆ ಪ್ರಯೋಜನಕ್ಕೆ ಬರುವುದು. ಲಿನಕ್ಸಿನ ಕರ್ನೆಲ್ ಕಡತವನ್ನು ತೆರೆದು 514ನೆಯ ಬೈಟನ್ನು ನೋಡಿದರೆ ಎಚ್, ಡಿ, ಆರ್, ಎಸ್ ಎಂಬ ನಾಲ್ಕು ಅಕ್ಷರಗಳು ಕಾಣುವುವು. ಅದೇ ಶಿರೋಭಾಗದ ಗುರುತು. 497ನೆಯ ಬೈಟಿನಲ್ಲಿ ಸಿದ್ಧತಾಭಾಗದ ಸೆಕ್ಟರುಗಳ ಸಂಖ್ಯೆಯಿದೆ. ಅದು ಶೂನ್ಯವಾಗಿದ್ದರೆ ನಾಲ್ಕೆಂದು ತಿಳಿಯಬೇಕು. ಆ ಸಂಖ್ಯೆಗೆ ಒಂದನ್ನು ಕೂಡಿ 512ರಿಂದ ಗುಣಿಸಿದಲ್ಲಿ ನಿಜವಾದ ಕರ್ನೆಲ್ಲು ಆರಂಭವಾಗುವುದು; ಅದನ್ನು ವಾಡಿಕೆಯಂತೆ 10,48,576ನೆಯ ವಿಳಾಸದಲ್ಲಿ, ಎಂದರೆ ಸರಿಯಾಗಿ ಒಂದು ಮೆಗಾಬೈಟಿನ ಮೇರೆಯಲ್ಲಿ, ಇರಿಸಬೇಕು. 528ನೆಯ ಬೈಟಿನಲ್ಲಿ ಬೂಟ್‌ಲೋಡರಿನ ಪರಿಚಯಸಂಖ್ಯೆ. ಗ್ರಬ್ಬಿಗೆ 7, ಯು-ಬೂಟಿಗೆ 8 ಎಂದು ಗೊತ್ತುಮಾಡಿರುವಲ್ಲಿ, ನೋಂದಣಿಯಿಲ್ಲದ ನಮ್ಮಂಥವರು 255 ಎಂದು ಬರೆಯತಕ್ಕದ್ದು. 536ರಲ್ಲಿ ಆರಂಭಿಕ ರ‍್ಯಾಮ್‌ಡಿಸ್ಕಿನ ವಿಳಾಸ, 540ರಲ್ಲಿ ಅದರ ಗಾತ್ರ, 552ರಲ್ಲಿ ಆದೇಶವಾಕ್ಯದ ವಿಳಾಸ. ಈ ಶಿರೋಭಾಗವನ್ನು ನಕಲು ಮಾಡಿಟ್ಟ ಪುಟದ ವಿಳಾಸವನ್ನು ಇಎಸ್‌ಐ ರಿಜಿಸ್ಟರಿನಲ್ಲಿಟ್ಟು, ಇಂಟರಪ್ಟುಗಳನ್ನು ತಡೆದು ಕರ್ನೆಲ್ಲಿಗೆ ನೆಗೆದರೆ ನಮ್ಮ ಕೆಲಸ ಮುಗಿಯಿತು. ಇಷ್ಟೂ ವಿಷಯ ಲಿನಕ್ಸಿನ ಮೂಲಸಂಕೇತದೊಡನೆ ಬರುವ ದಾಖಲೆಗಳ ಕೋಶದಲ್ಲಿ ಎಕ್ಸ್86 ವಿಭಾಗದ ‘ಬೂಟ್’ ಎಂಬ ಕಡತದಲ್ಲಿದೆ.

ತಾವೇ ಬರೆದ ಪುಟ್ಟ ಕರ್ನೆಲ್ಲನ್ನು ಏರಿಸಬಯಸುವವರು ಮಲ್ಟಿಬೂಟ್ ಒಪ್ಪಂದವನ್ನು ಅನುಸರಿಸುವುದು ಮೇಲೆಂದು ನಾನು ಬಲವಾಗಿ ಹೇಳುವೆನು. 1995ರಲ್ಲಿ ಎರಿಕ್ ಬೋಲೀನ್ ಎಂಬವರು ಗ್ನೂ ಹರ್ಡ್ ವ್ಯವಸ್ಥೆಯನ್ನು ಬೂಟು ಮಾಡುವ ಪ್ರಯತ್ನದಲ್ಲಿದ್ದಾಗ ಇದೂ ಗ್ರಬ್ಬೂ ಒಟ್ಟಿಗೆ ಹುಟ್ಟಿದುವು. ಇದನ್ನು ಪಾಲಿಸುವ ಕರ್ನೆಲ್ಲನ್ನು ಗ್ರಬ್ಬೂ ಏರಿಸಬಲ್ಲುದು, ಕ್ಯೂಇಎಂಯು ಕೂಡ ನೇರವಾಗಿ ಏರಿಸಬಲ್ಲುದು. ಆದುದರಿಂದ ಯಂತ್ರ ನಿಂತುಹೋದಾಗ ದೋಷ ನಿಮ್ಮ ಕರ್ನೆಲ್ಲಿನದೋ ಬೂಟ್‌ಲೋಡರಿನದೋ ಎಂಬ ಪ್ರಶ್ನೆ ಕ್ಷಣಾರ್ಧದಲ್ಲಿ ತೀರ್ಮಾನವಾಗುವುದು. ಇಎಲ್‌ಎಫ್ ರೂಪದ ಕಡತವನ್ನು ಏರಿಸುವಾಗ, ಕಡತದಲ್ಲಿರುವ ಗಾತ್ರಕ್ಕಿಂತ ಸ್ಮೃತಿಯಲ್ಲಿ ಬೇಡುವ ಗಾತ್ರ ಹೆಚ್ಚಿದ್ದರೆ ಆ ಹೆಚ್ಚಿನ ಭಾಗವನ್ನು ಶೂನ್ಯದಿಂದ ತುಂಬುವುದು ಬೂಟ್‌ಲೋಡರಿನ ಹೊಣೆ. ಇದನ್ನು ಬಿಟ್ಟವರ ಕರ್ನೆಲ್ಲು ಕ್ಯೂಇಎಂಯುವಿನ ನಿರ್ಮಲವಾದ ಸ್ಮೃತಿಯಲ್ಲಿ ಸುಸೂತ್ರವಾಗಿ ನಡೆದು, ನಿಜವಾದ ಯಂತ್ರದಲ್ಲಿ ಮಾತ್ರ ಕೆಡುವುದು.

ಇನ್ನು ದೋಷಶೋಧನೆಯ ವಿಷಯ. ಕ್ಯೂಇಎಂಯುವನ್ನು ಮೊದಲ ಆದೇಶಕ್ಕೆ ಮುನ್ನವೇ ನಿಲ್ಲಿಸಿಟ್ಟು, 1234ನೆಯ ಪೋರ್ಟಿನ ಮೂಲಕ ಜಿಡಿಬಿಯನ್ನು ಕೂಡಿಸಿ, 31,744ರಲ್ಲಿ ತಡೆಗಲ್ಲನ್ನು ನೆಟ್ಟು, ಒಂದೊಂದೇ ಆದೇಶವನ್ನು ನಡೆಸಿ ರಿಜಿಸ್ಟರುಗಳನ್ನು ನೋಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ. ರಕ್ಷಿತ ಸ್ಥಿತಿಗೆ ಹೋಗುವಲ್ಲಿ ಕೋಷ್ಟಕ ತಪ್ಪಿದ್ದರೆ ಯಂತ್ರವು ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುವುದು. ಆಗ ರೀಬೂಟನ್ನು ತಡೆಯುವ ಆಯ್ಕೆಯೊಡನೆ ಇಂಟರಪ್ಟುಗಳ ದಾಖಲೆಯನ್ನು ಬರೆಯಿಸಿಕೊಂಡರೆ, ಮೊದಲು ಎಡವಿದ ಸ್ಥಳ ಅದರಲ್ಲಿ ಸಿಕ್ಕುವುದು. ನಿಜವಾದ ಪೆನ್ ಡ್ರೈವಿಗೆ ಬರೆಯುವಾಗ ಸಾಧನದ ಹೆಸರನ್ನು ಎರಡು ಬಾರಿ ಓದಿರಿ. ಒಂದಕ್ಷರ ತಪ್ಪಿದರೂ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ವಿಭಾಗಪಟ್ಟಿಯೇ ಅಳಿಸಿಹೋಗುವುದು.

ಹೊಸ ಯಂತ್ರಗಳಲ್ಲಿ ಬಯಾಸಿನ ಸ್ಥಾನಕ್ಕೆ ಯುಇಎಫ್‌ಐ ಬಂದಿದೆ. ಇಲ್ಲಿ 446 ಬೈಟಿನ ಇಕ್ಕಟ್ಟಿಲ್ಲ, ಸ್ಥಿತಿ ಬದಲಿಸುವ ಸರ್ಕಸ್ಸೂ ಇಲ್ಲ. 64 ಬಿಟ್ಟಿನ ಸ್ಥಿತಿಯಲ್ಲಿಯೇ ನಮ್ಮನ್ನು ಕರೆಯುವ ಅದು, ಫ್ಯಾಟ್ ರೂಪದ ವಿಭಾಗದಲ್ಲಿ ಗೊತ್ತಾದ ಹೆಸರಿನ ಕಡತವನ್ನು ಹುಡುಕಿ ನಡೆಸುವುದು. ಕಷ್ಟವಿರುವುದು ವಿದಾಯದಲ್ಲಿ: ಸ್ಮೃತಿಯ ನಕ್ಷೆಯನ್ನು ಕೇಳಿ ಪಡೆದು, ಅದರೊಡನೆ ದೊರೆತ ಕೀಲಿಸಂಖ್ಯೆಯನ್ನು ಹಿಂದಿರುಗಿಸಿ ಸೇವೆಗಳನ್ನು ಬೀಳ್ಕೊಡಬೇಕು; ನಡುವೆ ನಕ್ಷೆ ಬದಲಾಗಿದ್ದರೆ ಕೀಲಿ ತಿರಸ್ಕೃತವಾಗುವುದರಿಂದ, ನಕ್ಷೆಯನ್ನು ಮತ್ತೆ ಪಡೆದು ಮತ್ತೆ ಯತ್ನಿಸಬೇಕು. ಅಕ್ಷರ ಮೂಡಿಸುವ ಒಂದು ಕರೆಯನ್ನು ಈ ಎರಡರ ನಡುವೆ ಸೇರಿಸಿದರೂ ನಕ್ಷೆ ಬದಲಾಗಬಹುದು.

ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರುಗಳ ಕಡೆಗೂ ನಮ್ಮ ವಿದ್ಯಾರ್ಥಿಗಳ ದೃಷ್ಟಿ ಹೊರಳಬೇಕು. 2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಬೆಂಗಳೂರಿನ ತಂತ್ರಜ್ಞಾನ ಸಮಾವೇಶದಲ್ಲಿ ಹೊರತಂದ ಕಿಯೋ ಎಂಬ ಅಗ್ಗದ ಕಂಪ್ಯೂಟರು ಈ ಜಾತಿಯ ಪ್ರೊಸೆಸರನ್ನೇ ಆಶ್ರಯಿಸಿದೆ. ಇಲ್ಲಿಯ ಒಪ್ಪಂದದ ಸರಳತೆ ಮನಸ್ಸನ್ನು ಸೆಳೆಯುವಂಥದು: ಓಪನ್‌ಎಸ್‌ಬಿಐ ಎಂಬ ತಳಪಾಯದ ತಂತ್ರಾಂಶ ಮೊದಲು ನಡೆದು, ಒಂದು ರಿಜಿಸ್ಟರಿನಲ್ಲಿ ಪ್ರೊಸೆಸರಿನ ಸಂಖ್ಯೆಯನ್ನೂ ಇನ್ನೊಂದರಲ್ಲಿ ಯಂತ್ರದ ಸಾಧನಗಳನ್ನು ವಿವರಿಸುವ ಡಿವೈಸ್ ಟ್ರೀಯ ವಿಳಾಸವನ್ನೂ ಇಟ್ಟು ಮುಂದಿನವನಿಗೆ ಅಧಿಕಾರವನ್ನೊಪ್ಪಿಸುವುದು. ಎಂಐಟಿಯ ಅಧ್ಯಾಪಕರು ಬೋಧನೆಗಾಗಿ ಬರೆದ ಎಕ್ಸ್‌ವಿ6 ಎಂಬ ಪುಟ್ಟ ವ್ಯವಸ್ಥೆ ಈ ಪ್ರೊಸೆಸರಿಗೂ ಉಂಟು. ಅದರ ಆರಂಭದ ಪುಟಗಳನ್ನು ಓದದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂದು ನನ್ನ ಮತ.

ಕನ್ನಡದವರಾದ ನಮಗೆ ಸಹಜವಾಗಿ ಮೂಡುವ ಆಸೆಯೊಂದುಂಟು: ಬೂಟ್‌ಲೋಡರಿನ ಮಾತು ಕನ್ನಡದಲ್ಲಿರಬೇಕೆಂಬುದು. ಬಯಾಸಿನ ಅಕ್ಷರಸ್ಥಿತಿಯಲ್ಲಿ 80 ಕಂಬ, 25 ಸಾಲು, 256 ಆಕೃತಿಗಳು ಮಾತ್ರ; ಒತ್ತಕ್ಷರಗಳನ್ನು ಜೋಡಿಸುವ ಯಂತ್ರೋಪಾಯ ಅಲ್ಲಿಲ್ಲ, ಅದನ್ನು ಬೂಟ್‌ಲೋಡರಿನೊಳಗೆ ತುರುಕುವುದೂ ಸಾಧುವಲ್ಲ. ಬೇಕಾದ ಹತ್ತಾರು ವಾಕ್ಯಗಳನ್ನು ಲಿನಕ್ಸಿನಲ್ಲಿಯೇ ಚಿತ್ರಗಳನ್ನಾಗಿ ಮಾಡಿಟ್ಟುಕೊಂಡು, ಯುಇಎಫ್‌ಐಯ ಚಿತ್ರಸೇವೆಯಿಂದ ಪರದೆಯ ಸ್ಮೃತಿಗೆ ನೇರವಾಗಿ ನಕಲಿಸುವುದೇ ಸುಗಮವಾದ ಮಾರ್ಗ. ಒಂದು ಬಿಟ್ಟಿಗೆ ಒಂದು ಚುಕ್ಕಿಯಂತೆ 400 ಚುಕ್ಕಿ ಅಗಲ, 32 ಚುಕ್ಕಿ ಎತ್ತರದ ಒಂದು ವಾಕ್ಯಕ್ಕೆ 1,600 ಬೈಟು ಸಾಲುವುದು.

ಭದ್ರತೆಯ ಕುರಿತು ಒಂದು ಮಾತನ್ನು ಹೇಳಲೇಬೇಕು. 2020ರಲ್ಲಿ ಗ್ರಬ್ಬಿನಲ್ಲಿ ಕಂಡುಬಂದ ಬೂಟ್‌ಹೋಲ್ ಎಂಬ ರಂಧ್ರ ಹುಟ್ಟಿದುದು, ಸಂರಚನೆಯ ಕಡತವನ್ನು ಓದುವಾಗ ಮಿತಿಮೀರಿ ಉದ್ದವಾದ ಪದವನ್ನು ತಡೆಯದಿದ್ದುದರಿಂದ. ಡಿಸ್ಕಿನಿಂದ ಬಂದ ಯಾವ ಗಾತ್ರವನ್ನೂ ಪರೀಕ್ಷಿಸದೆ ನಂಬಬಾರದು. ಪರವಾನಗಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು: ಗ್ರಬ್ಬಿನ ಸಂಕೇತವನ್ನು ತೆಗೆದುಕೊಂಡರೆ ನಿಮ್ಮ ಕೃತಿ ಜಿಪಿಎಲ್ ಮೂರನೆಯ ಆವೃತ್ತಿಗೆ ಬದ್ಧವಾಗುವುದು, ಯು-ಬೂಟಿನದಾದರೆ ಎರಡನೆಯ ಆವೃತ್ತಿಗೆ. ಓದಿ ಕಲಿತು ಸ್ವತಂತ್ರವಾಗಿ ಬರೆದರೆ ಆಯ್ಕೆ ನಿಮ್ಮದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಗಣಕವಿಜ್ಞಾನವನ್ನು ಓದುತ್ತಿರುವ ತರುಣ ತರುಣಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಅಂತಿಮ ವರ್ಷದ ಯೋಜನೆಗೆ ಯಾರೋ ಮಾಡಿಟ್ಟ ಅಂಗಡಿ ಲೆಕ್ಕದ ತಂತ್ರಾಂಶವನ್ನು ಮತ್ತೆ ಮಾಡುವ ಬದಲು ಇಬ್ಬರು ಮೂವರು ಕೂಡಿ ಒಂದು ಬೂಟ್‌ಲೋಡರನ್ನು ಬರೆಯಿರಿ, ಪ್ರತಿಯೊಂದು ಭಾಗದ ಪಕ್ಕದಲ್ಲಿ ಅದು ಹಾಗೇಕಿದೆಯೆಂಬ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಿರಿ, ಪರವಾನಗಿಯ ಪತ್ರದೊಡನೆ ಎಲ್ಲವನ್ನೂ ಪ್ರಕಟಿಸಿರಿ. ಅಂಥ ಟಿಪ್ಪಣಿಗಳಿರುವ ಬೂಟ್‌ಲೋಡರೊಂದು ಕೈಗೆ ಸಿಕ್ಕರೆ, ಮುಂದಿನ ವರ್ಷದವರು ಇಷ್ಟು ಉದ್ದದ ಲೇಖನವನ್ನು ಓದಬೇಕಾಗಿಲ್ಲ.